ಜೋಳಿಗೆಗೆ ಬೀಳದ ಪಾಲು

ಯಲಬುರ್ಗಾ ಸೀಮೆಯಲ್ಲಿ ಶ್ರಾವಣ ಬಂತೆಂದರೆ ಕೆಲವು ಮನೆಗಳ ಸಂಜೆಯೇ ಬೇರೆಯಾಗುತ್ತದೆ. ದಿನಾ ಹೊತ್ತು ಮುಳುಗುವಾಗ ಅಂಗಡಿಯ ದಾರಿ ಹಿಡಿಯುತ್ತಿದ್ದವನು ಕಟ್ಟೆಯ ಮೇಲೆ ಕೂತಿರುತ್ತಾನೆ. ಮಠದಲ್ಲಿ ಪುರಾಣ ಹಚ್ಚಿರುತ್ತಾರೆ; ಹೋಗಿ ಕೇಳಿ ಬಂದು, ರೊಟ್ಟಿ ಉಂಡು ಮಲಗುತ್ತಾನೆ. ಮನೆಯಾಕೆ ಆ ತಿಂಗಳು ಕೂಲಿಯ ದುಡ್ಡನ್ನು ಜೋಳದ ಚೀಲದೊಳಗೆ ಹುದುಗಿಸಿ ಇಡುವುದಿಲ್ಲ. ಸೆರೆ, ಮಾಂಸ ಎರಡನ್ನೂ ಮುಟ್ಟದ ಈ ತಿಂಗಳನ್ನು ಯಾವ ಸರ್ಕಾರವೂ ಆಜ್ಞೆ ಹೊರಡಿಸಿ ತಂದದ್ದಲ್ಲ. ಅಮಾವಾಸ್ಯೆ ಕಳೆದ ಮೇಲೆ ಅಂಗಡಿಯ ಮುಂದೆ ಮತ್ತೆ ಮೊದಲಿನ ಗದ್ದಲ. ಆಗ ಮನೆಯಾಕೆ ಕೇಳುವ ಪ್ರಶ್ನೆ ಒಂದೇ: "ಒಂದ್ ತಿಂಗಳು ಬಿಡಾಕ ಬರತೈತಿ ಅಂದ್ರ, ಹನ್ನೆರಡ್ ತಿಂಗಳು ಯಾಕ ಬರೂದಿಲ್ಲ?"

ಒಳಗಿನಿಂದ ಅತ್ತೆಯ ಉತ್ತರ ಬರುತ್ತದೆ: "ಅವರಪ್ಪನೂ ಹಿಂಗ ಇದ್ದ ಬಿಡವ್ವಾ. ರಕ್ತದಾಗ ಬಂದೈತಿ."

ಸೊಸೆ ಸಂಕಲ್ಪದ ಪರ ನಿಂತಿದ್ದಾಳೆ, ಅತ್ತೆ ಪ್ರಾರಬ್ಧದ ಪರ. ಓದು ಬರಹವಿಲ್ಲದ ಈ ಇಬ್ಬರು ಹೆಣ್ಣುಮಕ್ಕಳು ಎತ್ತಿದ ತಕರಾರನ್ನೇ ದರ್ಶನಕಾರರು, ವೈದ್ಯರು, ನ್ಯಾಯವಾದಿಗಳು ಇವತ್ತಿಗೂ ಬಗೆಹರಿಸಲಾರದೆ ಒದ್ದಾಡುತ್ತಿದ್ದಾರೆ. ಕುಡಿತ ಮನುಷ್ಯ ಮಾಡುವ ತಪ್ಪೋ, ಮನುಷ್ಯನಿಗೆ ಬರುವ ರೋಗವೋ? ಹುಟ್ಟುವಾಗಲೇ ಮೈಯಲ್ಲಿ ಬಂದದ್ದಾದರೆ ಬೈಯುವುದು ಯಾರನ್ನು? ಬೈಯಬಾರದು ಎಂದಾದರೆ, ಬಿಡು ಎಂದು ಹೇಳುವುದಾದರೂ ಹೇಗೆ?

ಹಳೆಯ ಶಾಸ್ತ್ರಗಳು ಈ ವಿಷಯದಲ್ಲಿ ಕಠೋರವಾಗಿದ್ದವು. ಛಾಂದೋಗ್ಯ ಉಪನಿಷತ್ತು ಪತಿತರನ್ನು ಎಣಿಸುವಾಗ ಚಿನ್ನ ಕದ್ದವನು, ಗುರುವಿನ ಹಾಸಿಗೆ ಕೆಡಿಸಿದವನು, ಬ್ರಾಹ್ಮಣನನ್ನು ಕೊಂದವನು, ಇವರ ಸಾಲಿನಲ್ಲೇ ಸುರೆ ಕುಡಿದವನನ್ನೂ ನಿಲ್ಲಿಸುತ್ತದೆ. ಮುಂದಿನ ಧರ್ಮಶಾಸ್ತ್ರಗಳು ಇದನ್ನೇ ಪಂಚ ಮಹಾಪಾತಕ ಎಂದವು. ಆದರೆ ಆ ಪಟ್ಟಿಯ ಐದನೆಯ ಹೆಸರನ್ನು ಜನ ಮರೆತುಬಿಟ್ಟಿದ್ದಾರೆ. ಈ ನಾಲ್ವರೊಡನೆ ಕೂಡಿ ನಡೆಯುವವನೇ ಆ ಐದನೆಯವನು. ಕುಡಿಯುವವನೊಬ್ಬನನ್ನೇ ಎಣಿಸಿ ಲೆಕ್ಕ ಮುಗಿಸಬಾರದೆಂಬ ಅರಿವು ಆ ಪಟ್ಟಿ ಮಾಡಿದವರಿಗೂ ಇತ್ತು ಎಂದು ಇದನ್ನು ಓದಬಹುದು. ಕುಡಿಸಿದವರು, ಮಾರಿದವರು, ಜೊತೆಗೆ ಕೂತವರು, ನೋಡಿಯೂ ಸುಮ್ಮನಿದ್ದವರು ಎಲ್ಲರೂ ಆ ಐದನೆಯ ಹೆಸರಿನೊಳಗೆ ಬರುತ್ತಾರೆ.

ಮಹಾಭಾರತದ ಕಚ–ದೇವಯಾನಿಯ ಕಥೆ ಇನ್ನೂ ಆಳಕ್ಕೆ ಹೋಗುತ್ತದೆ. ಅಸುರರು ಕಚನನ್ನು ಕೊಂದು, ಸುಟ್ಟು, ಬೂದಿಯನ್ನು ಸುರೆಯಲ್ಲಿ ಬೆರೆಸಿ ಗುರು ಶುಕ್ರಾಚಾರ್ಯರಿಗೇ ಕುಡಿಸಿದರು. ಮೃತಸಂಜೀವಿನಿ ವಿದ್ಯೆ ಬಲ್ಲ ಗುರು, ಪ್ರೀತಿಯ ಶಿಷ್ಯನನ್ನೇ ಕುಡಿದು ಕೂತಿದ್ದಾನೆ. ಅವನಿಗೆ ಗೊತ್ತೇ ಆಗಲಿಲ್ಲ. ಮಗಳು ಅತ್ತಾಗ, ಕರೆದಾಗ, ಶಿಷ್ಯ ಹೊಟ್ಟೆಯೊಳಗಿಂದ ಓಗೊಟ್ಟ. ಆಮೇಲೆಯೇ ಶುಕ್ರರು ಸುರೆಗೆ ನಿಷೇಧದ ಕಟ್ಟು ಹಾಕಿದ್ದು. ಅಲ್ಲಿ ಸುರೆಗೆ ಸೋತವನು ಮೂರ್ಖನಲ್ಲ, ಲೋಕದ ದೊಡ್ಡ ವಿದ್ವಾಂಸ. ತಿಳಿವಳಿಕೆ ಇದ್ದರೆ ಸಾಕು, ಕುಡಿತ ಹತ್ತಿರ ಬರುವುದಿಲ್ಲ ಎಂಬ ನಂಬಿಕೆ ಅಲ್ಲಿಯೇ ಮುರಿದುಬಿದ್ದಿತ್ತು. ಮನೆಯ ಮಗುವನ್ನೇ ನುಂಗಿದ ಮೇಲೆ ಎಚ್ಚರವಾಗುವ ತಂದೆಯಂದಿರ ಕಥೆಯೂ ಅದೇ.

ಈ ಸೀಮೆಯ ಊರುಗಳಲ್ಲಿ ಮೊಹರಂ ಎಂದರೆ ಎಲ್ಲ ಜಾತಿಯವರೂ ಅಲಾಯಿ ಕುಣಿಯ ಸುತ್ತ ಸೇರುವ ಹಬ್ಬ. ಆ ಹಬ್ಬ ಕೊಟ್ಟ ಧರ್ಮದಲ್ಲೂ ಮದ್ಯ ನಿಷಿದ್ಧ. ಕುರಾನಿನಲ್ಲಿ ಆ ನಿಷೇಧ ಒಂದೇ ಏಟಿಗೆ ಬರಲಿಲ್ಲ ಎಂಬುದು ಗಮನಿಸುವಂಥದ್ದು. ಲಾಭಕ್ಕಿಂತ ಹಾನಿ ದೊಡ್ಡದು ಎಂಬ ಎಚ್ಚರಿಕೆ ಮೊದಲು ಬಂತು, ನಶೆಯಲ್ಲಿ ಪ್ರಾರ್ಥನೆಗೆ ಬರಬೇಡಿ ಎಂಬ ಮಾತು ಆಮೇಲೆ, ಪೂರ್ಣ ನಿಷೇಧ ಕೊನೆಗೆ. ಮನುಷ್ಯನ ಮೈಮನಸ್ಸು ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯಬಲ್ಲದು ಎಂಬ ಅನುಭವ ಆ ಕ್ರಮದಲ್ಲಿದೆ.

ಇನ್ನು ಅತ್ತೆಯ ಮಾತಿಗೆ ಬರೋಣ. ರಕ್ತದಲ್ಲಿ ಬಂದಿದೆ ಎಂಬುದು ನಿಜವೇ?

ಸುಳ್ಳಲ್ಲ. 1973ರಲ್ಲಿ ಡೊನಾಲ್ಡ್ ಗುಡ್ವಿನ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿದ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆ ಮನೆಗೆ ದತ್ತು ಹೋದ ಗಂಡುಮಕ್ಕಳನ್ನು ಅವರು ಹುಡುಕಿ ನೋಡಿದ್ದರು. ಹೆತ್ತವರಲ್ಲಿ ಒಬ್ಬರು ಮದ್ಯವ್ಯಸನಿಯಾಗಿದ್ದವರ ಪೈಕಿ ಶೇ 18ರಷ್ಟು ಮಂದಿ ತಾವೂ ವ್ಯಸನಿಗಳಾಗಿದ್ದರು. ಉಳಿದ ದತ್ತುಮಕ್ಕಳಲ್ಲಿ ಅದು ಶೇ 5. ಹೆತ್ತ ತಂದೆಯ ಮುಖವನ್ನೇ ನೋಡದೆ ಬೆಳೆದವರು ಅವರು. ಆಮೇಲೆ ಅವಳಿಗಳ ಮೇಲೆ ಹತ್ತಾರು ಅಧ್ಯಯನಗಳು ನಡೆದವು. 2015ರಲ್ಲಿ ಅವನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಮದ್ಯವ್ಯಸನದ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಪಾಲಿಗೆ ವಂಶವಾಹಿ ಕಾರಣ ಎಂಬ ತೀರ್ಮಾನ ಬಂತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್, ಎಸ್.ಎಂ. ಚನ್ನಬಸವಣ್ಣ ಮೊದಲಾದ ವೈದ್ಯರು ವ್ಯಸನಿಗಳ ರಕ್ತಸಂಬಂಧಿ ಗಂಡಸರ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದು 1995ರಲ್ಲಿ ಬರೆದರು: ಮನೆತನದಲ್ಲಿ ಕುಡಿತದ ಭಾರ ಹೆಚ್ಚಿದಂತೆ, ಗಮನ ಹಿಡಿಯುವಾಗ ಏಳುವ ಒಂದು ಅಲೆಯ ಎತ್ತರ ಕಡಿಮೆಯಾಗುತ್ತಿತ್ತು. ಅಂದರೆ ಚಡಪಡಿಕೆ, ತಡೆದುಕೊಳ್ಳಲಾಗದ ಸ್ವಭಾವ, ಇಂಥವು ಬಾಟಲಿಯ ಬಿರಡೆ ತೆಗೆಯುವ ಮೊದಲೇ ಕೆಲವು ಮಕ್ಕಳ ಮೈಯಲ್ಲಿ ಕಾದು ಕೂತಿರುತ್ತವೆ.

ಊರಿನಲ್ಲಿ ಹೊಗಳಿಕೆಯೆಂದು ಆಡುವ ಒಂದು ಮಾತಿದೆ: "ಅಂವಗ ಎಷ್ಟ್ ಕುಡದ್ರೂ ಏರೂದಿಲ್ಲ." ಗೆಳೆಯರ ಗುಂಪಿನಲ್ಲಿ ಅದು ಗಂಡಸುತನದ ಪದಕ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮಾರ್ಕ್ ಶುಕಿಟ್ ಎಂಬ ವೈದ್ಯರು ಇದನ್ನೇ ಪರೀಕ್ಷೆಗೆ ಹಚ್ಚಿದರು. ವ್ಯಸನಿಗಳ ಗಂಡುಮಕ್ಕಳಿಗೆ ಇಪ್ಪತ್ತರ ಹರೆಯದಲ್ಲಿ ಅಳೆದು ಮದ್ಯ ಕೊಟ್ಟು, ಯಾರಿಗೆ ಬೇಗ ಅಮಲೇರುತ್ತದೆ, ಯಾರಿಗೆ ಇಲ್ಲ ಎಂದು ಬರೆದಿಟ್ಟರು. ಸುಮಾರು ಹತ್ತು ವರ್ಷದ ಮೇಲೆ ಮತ್ತೆ ಹುಡುಕಿ ಹೋದರು. ಅಮಲು ಅಷ್ಟಾಗಿ ಏರದವರಲ್ಲಿ ಶೇ 56 ಮಂದಿ ವ್ಯಸನಿಗಳಾಗಿದ್ದರು. ಬೇಗ ಏರಿದವರಲ್ಲಿ ಶೇ 14. ಏರದವನ ಮೈಯಲ್ಲಿ ಸಾಕು ಎನ್ನುವ ಗಂಟೆ ಹೊಡೆಯುವುದಿಲ್ಲ, ಆದ್ದರಿಂದ ಅವನು ಕುಡಿಯುತ್ತಲೇ ಹೋಗುತ್ತಾನೆ. ಜಾತ್ರೆಯಲ್ಲಿ, ಮದುವೆಯಲ್ಲಿ ಯಾವ ಹುಡುಗನ ಬೆನ್ನು ತಟ್ಟುತ್ತೇವೋ ಅವನೇ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವನು. ಈ ಒಂದು ಸಂಗತಿ ಗೊತ್ತಿದ್ದರೆ ಎಷ್ಟೋ ತಾಯಂದಿರು ಮಗನ ಬಗ್ಗೆ ಆ ಹೊಗಳಿಕೆ ಕೇಳಿದ ದಿನವೇ ಹೆದರುತ್ತಿದ್ದರು.

ಹಾಗಾದರೆ ಅತ್ತೆಯೇ ಗೆದ್ದಳೇ? ಇಲ್ಲಿ ಸಾವಧಾನ ಬೇಕು. ಅರ್ಧ ಪಾಲು ವಂಶದ್ದು ಎಂದಾಗ, ಒಬ್ಬೊಬ್ಬ ಕುಡುಕನಲ್ಲೂ ಅರ್ಧ ಕುಡಿತ ಅಪ್ಪನದು, ಅರ್ಧ ಅವನದು ಎಂದು ಅರ್ಥವಲ್ಲ. ಯಲಬುರ್ಗಾದ ರೈತನಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಒಂದೇ ಎರೆ ಹೊಲದಲ್ಲಿ, ಒಂದೇ ಮಳೆಗೆ ಎರಡು ತಳಿಯ ಜೋಳ ಬಿತ್ತಿದರೆ ಇಳುವರಿಯ ವ್ಯತ್ಯಾಸ ಬೀಜದ್ದು. ಅದೇ ಬೀಜವನ್ನು ಎರೆಯಲ್ಲೊಂದು ಪಾಲು, ಮಸಾರಿಯಲ್ಲೊಂದು ಪಾಲು ಹಾಕಿದರೆ ವ್ಯತ್ಯಾಸ ನೆಲದ್ದು. ಮಳೆಯೇ ಆಗದ ವರ್ಷ ಯಾವ ಬೀಜವಾದರೂ ಅಷ್ಟೇ. ಸೆರೆಯೇ ಸಿಗದ ಊರಲ್ಲಿ ಎಂಥ ವಂಶವಾಹಿ ಇದ್ದವನೂ ಕುಡುಕನಾಗಲಾರ. ಬೀಜಕ್ಕೆ ಶಕ್ತಿಯಿದೆ ಎನ್ನುವುದೂ, ಬೆಳೆ ನೆಲದ ಕೈಯಲ್ಲಿದೆ ಎನ್ನುವುದೂ ಒಟ್ಟಿಗೇ ಸತ್ಯ.

ಇನ್ನೊಂದು ಅಪಾಯವನ್ನು ಇಲ್ಲಿಯೇ ಹೇಳಿಬಿಡಬೇಕು. ವಂಶ ಎಂದ ಕೂಡಲೇ ನಮ್ಮ ನಾಲಿಗೆ ಜಾತಿಯ ಕಡೆ ಹೊರಳುತ್ತದೆ. "ಆ ಮಂದಿನ ಹಂಗ" ಎಂದು ಕೇರಿಗೆ ಕೇರಿಯನ್ನೇ ತಳ್ಳಿಹಾಕುವ ಮಾತು ಎಲ್ಲ ಊರಲ್ಲೂ ಕೇಳುತ್ತದೆ. ವಿಜ್ಞಾನ ಹೇಳುತ್ತಿರುವುದು ಮನೆತನದ ಮಾತು, ತಂದೆ ಮಗ ಅಣ್ಣ ತಮ್ಮಂದಿರ ಮಾತು. ಆ ಮನೆತನ ಯಾವ ಜಾತಿಯದೂ ಆಗಿರಬಹುದು. ಬಿಸಿಲಲ್ಲಿ ಮೈಮುರಿದು ದುಡಿಯುವವರ ಕೇರಿಯಲ್ಲಿ ಕುಡಿತ ಬಯಲಿಗೆ ಬೀಳುತ್ತದೆ, ಮಾಳಿಗೆ ಮನೆಯ ಕುಡಿತ ಬಾಗಿಲ ಹಿಂದೆ ಉಳಿಯುತ್ತದೆ. ಅದನ್ನು ಹುಟ್ಟಿನ ಗುಣವೆಂದು ಕರೆಯುವುದು ಅನ್ಯಾಯ.

ಶರಣರು ಈ ಅನ್ಯಾಯದ ಬೇರಿಗೇ ಕೈ ಹಾಕಿದವರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯ ಎಂಬವರಿದ್ದರು. ಹೆಂಡ ಮಾರುವುದೇ ಅವರ ಕಾಯಕ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವರ ಒಂದು ಹಿಡಿ ವಚನಗಳು ಉಳಿದಿವೆ. ತಮ್ಮ ಕಸುಬಿನ ಮಾತುಗಳಲ್ಲೇ ಅವರು ತತ್ವ ಹೇಳಿದವರು. ಮಹಾಪಾತಕದ ಪಟ್ಟಿ ಹಿಡಿದು ನೋಡಿದರೆ ಮಾರಯ್ಯನವರಿಗೆ ಎಲ್ಲಿಯೂ ಜಾಗವಿರಲಿಲ್ಲ. ಶರಣರು ಅವರನ್ನು ಒಳಗೆ ಕರೆದು ಕೂಡಿಸಿಕೊಂಡರು. ಅದರ ಅರ್ಥ ಹೆಂಡ ಒಳ್ಳೆಯದು ಎಂದಲ್ಲ. ಹುಟ್ಟಾಗಲಿ, ಹುಟ್ಟಿನಿಂದ ಬಂದ ಕಸುಬಾಗಲಿ ಮನುಷ್ಯನ ಮೇಲೆ ಕೊನೆಯ ಮುದ್ರೆ ಒತ್ತಲಾರವು ಎಂದು. ವಂಶವಾಹಿಯ ಕಾಲದಲ್ಲಿ ಈ ಮಾತು ಹಳತಾಗಿಲ್ಲ. ಹುಟ್ಟಿನಿಂದ ಬಂದದ್ದು ಇದೆ ಎಂದು ಒಪ್ಪಿಕೊಂಡೇ, ಅದನ್ನು ಹಿಡಿದು ಮನುಷ್ಯನನ್ನು ಅಳೆಯಬಾರದು ಎನ್ನುವ ನಿಲುವು ಮೊದಲಿಗಿಂತ ಹೆಚ್ಚು ಬೇಕಾಗಿದೆ.

ನೆಲದ ಪಾಲಿನ ಬಗ್ಗೆ ಹೇಳಬೇಕಾದದ್ದು ಬಹಳ ಇದೆ. ಕೊಪ್ಪಳ ಸೀಮೆ 1948ರ ವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸೇಂದಿ, ಸಾರಾಯಿಗಳ ಅಬಕಾರಿ ಹುಟ್ಟುವಳಿ ಆ ಸಂಸ್ಥಾನದ ದೊಡ್ಡ ವರಮಾನಗಳಲ್ಲಿ ಒಂದು. ರಾಜ ಹೋದ, ವರಮಾನ ಉಳಿಯಿತು. ಸ್ವತಂತ್ರ ಭಾರತದ ಸಂವಿಧಾನ 47ನೆಯ ವಿಧಿಯಲ್ಲಿ ಪಾನನಿಷೇಧದ ಕಡೆ ನಡೆಯಿರಿ ಎಂದು ರಾಜ್ಯಗಳಿಗೆ ಹೇಳಿತು. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಪ್ಯಾಕೆಟ್ ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಅದೇ ಮಂದಿ ಅಗ್ಗದ ವಿಸ್ಕಿ, ರಮ್ಮಿನ ಕಡೆ ತಿರುಗಿದರು. 2025–26ರ ಬಜೆಟ್‌ನಲ್ಲಿ ರಾಜ್ಯ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಕುಡಿತದಿಂದ ಆಗುವ ದುಡಿಮೆಯ ನಷ್ಟ, ಚಿಕಿತ್ಸೆಯ ಖರ್ಚು ಇವನ್ನೆಲ್ಲ ಕೂಡಿಸಿದರೆ ಬರುವ ವರಮಾನಕ್ಕಿಂತ ಹೋಗುವುದೇ ಹೆಚ್ಚು ಎಂದು ನಿಮ್ಹಾನ್ಸ್ ವೈದ್ಯರು ಎರಡು ದಶಕಗಳ ಹಿಂದೆಯೇ ಲೆಕ್ಕ ಕೊಟ್ಟಿದ್ದರು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಹೆಂಗಸರು. 2019ರ ಜನವರಿಯಲ್ಲಿ ರಾಯಚೂರು ಮತ್ತು ಸುತ್ತಲಿನ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಆಂದೋಲನದ ಹೆಸರಿನಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನ ವರೆಗೆ ನಡೆದರು. ಹನ್ನೊಂದು ಹನ್ನೆರಡು ದಿನದ ದಾರಿ. ಕಾಲಿಗೆ ಬೊಬ್ಬೆ ಎದ್ದವು. ಕುಡಿಯುವ ಗಂಡನ ಬಗ್ಗೆ ದೇವರಿಗೆ ಹರಕೆ ಹೊತ್ತು ಸಾಕಾದವರು ಹೊಣೆ ಯಾರದು ಎಂಬ ಪ್ರಶ್ನೆಯನ್ನು ವಿಧಾನಸೌಧದ ದಾರಿಗೆ ತಂದಿಟ್ಟರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಂತೆ ಕರ್ನಾಟಕದಲ್ಲಿ ಹದಿನೈದು ದಾಟಿದ ಗಂಡಸರಲ್ಲಿ ಸುಮಾರು ಆರಕ್ಕೆ ಒಬ್ಬ ಕುಡಿಯುತ್ತಾನೆ. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಅದೇ ತಂದೆಯ ಅದೇ ರಕ್ತ ಹೆಣ್ಣುಮಗಳಿಗೂ ಬಂದಿದೆ. ಅವಳು ಕುಡಿಯದಂತೆ ಕಾದದ್ದು ಮನೆ, ಓಣಿ, ಮರ್ಯಾದೆಯ ಕಟ್ಟು. ರೂಢಿಯ ಬಲ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಶ್ರಾವಣದ ಒಂದು ತಿಂಗಳು ಗಂಡಸನ್ನೂ ಹಿಡಿದು ನಿಲ್ಲಿಸುವುದು ಅದೇ ಬಲ.

ವಂಶದ ಪಾಲು ಚಟದಲ್ಲಷ್ಟೇ ಅಲ್ಲ, ಕುಡಿತ ಕೆಡಿಸುವ ಲಿವರಿನಲ್ಲೂ ಇದೆ; ಈಗ ಆ ಮಾತು. ಕುಡಿದ ಮದ್ಯ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ನಿರಪಾಯದ ಅಸಿಟೇಟ್ ಆಗುತ್ತದೆ. ಚೀನಾ, ಜಪಾನ್, ಕೊರಿಯಾದ ಬಹಳ ಜನರಲ್ಲಿ ಈ ಎರಡನೆಯ ಹಂತದ ಕಿಣ್ವ ದುರ್ಬಲ. ಒಂದು ಗುಟುಕಿಗೇ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಕುಡಿತವೇ ಬೇಡವೆನಿಸುತ್ತದೆ. ನಮ್ಮವರಲ್ಲಿ ಆ ಬಗೆಯ ವಂಶವಾಹಿ ತೀರ ಅಪರೂಪ. ಆ ಕಾವಲು ನಮಗೆ ಸಿಕ್ಕಿಲ್ಲ.

ಹೆಚ್ಚು ಕುಡಿಯುವ ಬಹುತೇಕ ಎಲ್ಲರ ಲಿವರಿನಲ್ಲೂ ಕೊಬ್ಬು ಕೂರುತ್ತದೆ. ಆದರೆ ಲಿವರ್ ಗಟ್ಟಿಗಟ್ಟಿ ಸಿರೋಸಿಸ್ ಆಗುವುದು ಅವರಲ್ಲಿ ಹತ್ತಕ್ಕೆ ಒಬ್ಬಿಬ್ಬರಿಗೆ. ಒಂದೇ ಕಟ್ಟೆಯ ಮೇಲೆ ಮೂವತ್ತು ವರ್ಷ ಜೊತೆಗೆ ಕುಡಿದ ಇಬ್ಬರಲ್ಲಿ ಒಬ್ಬ ಎಪ್ಪತ್ತು ದಾಟುತ್ತಾನೆ. ಇನ್ನೊಬ್ಬನಿಗೆ ನಲವತ್ತಕ್ಕೇ ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ವಾಂತಿಯಾಗುತ್ತದೆ. ಊರು ಎರಡನೆಯವನನ್ನು ಹೆಚ್ಚು ಪಾಪಿ ಎಂದು ಲೆಕ್ಕ ಹಾಕುತ್ತದೆ. 2008ರಲ್ಲಿ ಪಿಎನ್‌ಪಿಎಲ್‌ಎ3 ಎಂಬ ವಂಶವಾಹಿಯ ಒಂದು ಅಕ್ಷರದ ಬದಲಾವಣೆ ಲಿವರಿನ ಕೊಬ್ಬಿಗೆ ಕಾರಣವಾಗುವುದನ್ನು ಸಂಶೋಧಕರು ಕಂಡುಹಿಡಿದರು. ಕುಡಿಯುವವರಲ್ಲಿ ಸಿರೋಸಿಸ್ಸಿನ ಅಪಾಯವನ್ನೂ ಅದೇ ಬದಲಾವಣೆ ಹೆಚ್ಚಿಸುತ್ತದೆ ಎಂಬುದು ಆಮೇಲೆ ಖಚಿತವಾಯಿತು. 2018ರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಲಿವರನ್ನು ಕಾಯುವ ಒಂದು ಬದಲಾವಣೆಯೂ ಸಿಕ್ಕಿತು. ಕಟ್ಟೆಯ ಮೇಲಿನ ಆ ಇಬ್ಬರ ತಪ್ಪು ಒಂದೇ ಅಳತೆಯದು, ದಂಡ ಬೇರೆ ಬೇರೆ. ಫಲದ ಗಾತ್ರ ನೋಡಿ ಕರ್ಮದ ಗಾತ್ರ ಹೇಳುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ಸೋಲುತ್ತದೆ.

ಒಂದು ಹನಿ ಮುಟ್ಟದವರಿಗೂ ಸಕ್ಕರೆ ಕಾಯಿಲೆ, ಬೊಜ್ಜು, ಹೆಪಟೈಟಿಸ್ ಬಿ ಇವುಗಳಿಂದ ಲಿವರ್ ಹೋಗುತ್ತದೆ. ಅಂಥ ಮನೆಯ ಹೆಣ್ಣುಮಕ್ಕಳು ಸಾವಿನ ದುಃಖದ ಮೇಲೆ "ಕದ್ದು ಕುಡೀತಿದ್ನೇನೊ" ಎಂಬ ಪಿಸುಮಾತನ್ನೂ ಹೊರಬೇಕಾಗುತ್ತದೆ. ಅದು ಕ್ರೂರ.

ಹೊಣೆಯ ಪ್ರಶ್ನೆ ಎಲ್ಲಕ್ಕಿಂತ ಹರಿತವಾಗುವುದು ಲಿವರ್ ಕಸಿಯ ಬಾಗಿಲಲ್ಲಿ. ಕಾಯುವವರು ಬಹಳ, ಸಿಗುವ ಲಿವರ್ ಕಡಿಮೆ. ಕುಡಿದು ಕೆಡಿಸಿಕೊಂಡವನಿಗೆ ಕೊಡಬೇಕೇ? ಜಗತ್ತಿನ ಬಹಳಷ್ಟು ಆಸ್ಪತ್ರೆಗಳು ಆರು ತಿಂಗಳು ಬಿಟ್ಟು ತೋರಿಸು, ಆಮೇಲೆ ನೋಡೋಣ ಎನ್ನುತ್ತಿದ್ದವು. ಆದರೆ ಮದ್ಯದಿಂದ ಲಿವರ್ ಒಮ್ಮೆಲೇ ಊದಿಕೊಂಡು, ಮದ್ದಿಗೂ ಬಗ್ಗದೆ ಬಿದ್ದವರಿಗೆ ಆರು ತಿಂಗಳು ಬದುಕಿರುವುದೇ ದುರ್ಲಭ. 2011ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ವೈದ್ಯರು ಅಂಥ 26 ಮಂದಿಯನ್ನು ಆರಿಸಿ, ಕಾಯಿಸದೆ ಕಸಿ ಮಾಡಿದ ಫಲವನ್ನು ಪ್ರಕಟಿಸಿದರು. ಆರು ತಿಂಗಳ ಮೇಲೆ ಅವರಲ್ಲಿ ಶೇ 77 ಮಂದಿ ಬದುಕಿದ್ದರು. ಕಸಿಯಾಗದವರಲ್ಲಿ ಶೇ 23. ನಮ್ಮ ದೇಶದಲ್ಲಿ ಹೆಚ್ಚಿನ ಲಿವರ್ ಕಸಿಗಳು ಬದುಕಿರುವವರು ಕೊಟ್ಟ ತುಂಡಿನಿಂದಲೇ ನಡೆಯುತ್ತವೆ, ಮತ್ತು ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಯಾರ ಏಟು ತಿಂದಳೋ ಅವನಿಗೇ ತನ್ನ ಲಿವರಿನ ಪಾಲು ಕೊಡುವ ಹೆಂಡತಿ, ತಾಯಿ, ಮಗಳು. ಅವಳು ಒಪ್ಪುವಾಗ ಮನೆಯವರ ಒತ್ತಾಯವೆಷ್ಟು, ಮನಸ್ಸೆಷ್ಟು ಎಂದು ಕೇಳಬೇಕಾದ ಕರ್ತವ್ಯ ವೈದ್ಯರಿಗೂ ಇದೆ, ಬಂಧುಗಳಿಗೂ ಇದೆ.

ಕುಡಿದವನಿಗೆ ಚಿಕಿತ್ಸೆಯ ಯೋಗ್ಯತೆ ಇದೆಯೇ ಎಂಬ ಪ್ರಶ್ನೆಗೆ ಕೊಪ್ಪಳದ ಜನ ಬೇರೆಲ್ಲೂ ಉತ್ತರ ಹುಡುಕಬೇಕಾಗಿಲ್ಲ. ಗವಿಸಿದ್ಧೇಶ್ವರನ ಜಾತ್ರೆಯಲ್ಲಿ ಲಕ್ಷಾಂತರ ಮಂದಿ ದಾಸೋಹದಲ್ಲಿ ಉಣ್ಣುತ್ತಾರೆ. ಎಲೆ ಹಾಕುವ ಮೊದಲು ಯಾರನ್ನೂ ನೀನು ಯೋಗ್ಯನೋ ಎಂದು ಕೇಳುವುದಿಲ್ಲ. ಹಸಿವಿದೆ ಎಂಬುದಷ್ಟೇ ಅಲ್ಲಿ ಅರ್ಹತೆ. ರೋಗಕ್ಕೂ ಅದೇ ನಿಯಮ ಸಲ್ಲಬೇಕು.

ಯಲಬುರ್ಗಾದಿಂದ ಕುಷ್ಟಗಿ ದಾಟಿದರೆ ಇಳಕಲ್ಲು. ಅಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಒಂದು ಹೊಸ ಭಿಕ್ಷೆ ಆರಂಭಿಸಿದರು. ಮಠದ ಜೋಳಿಗೆಗೆ ಜೋಳ, ಅಕ್ಕಿ, ಕಾಣಿಕೆ ಬೀಳುವುದು ರೂಢಿ. ಅವರು ಊರೂರು ತಿರುಗಿ, ಓಣಿ ಓಣಿ ಹೊಕ್ಕು, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ ಎಂದು ಜೋಳಿಗೆ ಒಡ್ಡಿದರು. ಅದೇ ಮಹಾಂತ ಜೋಳಿಗೆ. ನಾಲ್ಕು ದಶಕ ಆ ಜೋಳಿಗೆ ಹೆಗಲಿನಿಂದ ಇಳಿಯಲಿಲ್ಲ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಆ ಜೋಳಿಗೆಯ ಹಿಂದೆ ಒಂದು ತತ್ವವಿದೆ. ಭಿಕ್ಷೆ ಹಾಕುವವನು ದಾನಿ. ಪಾಪಿ ಎಂದು ಮುಖ ತಿರುಗಿಸಿಕೊಂಡಿದ್ದ ಊರಿನ ನಡುವೆ, ಕುಡುಕನನ್ನು ಸ್ವಾಮಿಗಳು ದಾನಿಯ ಜಾಗದಲ್ಲಿ ನಿಲ್ಲಿಸಿದರು. ತೆಗೆದು ಕೊಡಬಹುದಾದದ್ದು ಎಂದ ಮೇಲೆ ಚಟ ಬೇರೆ, ಮನುಷ್ಯ ಬೇರೆ. ಪಾಶ್ಚಾತ್ಯ ವೈದ್ಯಲೋಕ ಮದ್ಯವ್ಯಸನವನ್ನು ರೋಗವೆಂದು ಒಪ್ಪಿದ್ದು ತಡವಾಗಿಯೇ. ಅಮೆರಿಕದ ವೈದ್ಯಕೀಯ ಸಂಘ ಹಾಗೆ ಹೇಳಿದ್ದು 1956ರಲ್ಲಿ. ರೋಗ ಎಂಬ ಮಾತಿನಿಂದ ಬೈಗುಳ ತಪ್ಪಿತು, ಆದರೆ ರೋಗಿ ಸುಮ್ಮನೆ ಮಲಗಿ ಮದ್ದಿಗೆ ಕಾಯುವವನಾದ. ಜೋಳಿಗೆ ಬೈಯಲೂ ಇಲ್ಲ, ಮಲಗಿಸಲೂ ಇಲ್ಲ. ಎದ್ದು ಬಂದು ಕೊಡು ಎಂದಿತು. ಸೊಸೆ ಅತ್ತೆಯರ ತಕರಾರಿಗೆ ಇದಕ್ಕಿಂತ ಹಿರಿದಾದ ಉತ್ತರ ಈ ಭಾಗದಲ್ಲಿ ಹುಟ್ಟಿಲ್ಲ.

ಆದರೂ ಜೋಳಿಗೆಗೆ ಬೀಳದ ಒಂದು ಪಾಲಿದೆ, ಮೈಯ ಪಾಲು. ವರ್ಷಗಟ್ಟಲೆ ದಿನವಿಡೀ ಕುಡಿದವನ ಮಿದುಳು ಮದ್ಯಕ್ಕೆ ತಕ್ಕಂತೆ ತನ್ನನ್ನು ಬಿಗಿದುಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ಕೈ ನಡುಕ, ಬೆವರು. ಎರಡನೆಯ ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳ ನಡುವೆ ಇಲ್ಲದ್ದು ಕಂಡು, ದಿಕ್ಕು ತಪ್ಪಿ, ಜ್ವರವೇರಿ ಪ್ರಾಣವೇ ಹೋಗಬಹುದು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಅಂಗಡಿಗಳು ಮುಚ್ಚಿದಾಗ ಇಂಥ ಸ್ಥಿತಿಯಲ್ಲಿ ಬಂದವರ ಸಂಖ್ಯೆ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಏಕಾಏಕಿ ಏರಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಊರಲ್ಲಿ ಇದನ್ನು ಗಾಳಿ ಸೋಂಕಿತು ಎಂದೋ, ದೇವರ ಆಣೆ ಮುರಿದ ಫಲವೆಂದೋ ತಿಳಿಯುವುದುಂಟು. ಆಣೆ ಉಳಿಸಿಕೊಳ್ಳಲು ಹೊರಟವನೇ ಹೀಗೆ ಬೀಳುತ್ತಾನೆ. ಕೆಲವು ದಿನದ ಮಾತ್ರೆ ಮತ್ತು ಬಿ1 ಜೀವಸತ್ವದ ಚುಚ್ಚುಮದ್ದಿನಿಂದ ತಪ್ಪಿಸಬಹುದಾದ ಸಾವು ಅದು.

ಅಂಥ ನೆರವು ಸಿಗುತ್ತಿರುವುದು ಎಷ್ಟು ಮಂದಿಗೆ? ದೆಹಲಿಯ ಏಮ್ಸ್ 2019ರಲ್ಲಿ ಕೊಟ್ಟ ರಾಷ್ಟ್ರೀಯ ವರದಿಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1985ರ ಸುಮಾರಿಗೆ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ಮಗ್ಗುಲಲ್ಲೇ ಹುಟ್ಟಿದ ಆ ದಾರಿಯನ್ನು ಕುಡಿತದ ಮನೆಗಳ ವರೆಗೆ ಎಳೆಯುವ ಕೆಲಸ ಇನ್ನೂ ಬಾಕಿ ಇದೆ.

ಇನ್ನು ಸೊಸೆಯ ಪ್ರಶ್ನೆಗೆ ಮರಳೋಣ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಕೆತ್ತಿದ ಆ ಸಾಲುಗಳ ತಾತ್ಪರ್ಯ ಸರಳ: ಪ್ರಯತ್ನದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ದಕ್ಕುತ್ತದೆ. ಅಲ್ಲಿ ಕುಲದ ಮಾತಿಲ್ಲ, ಹಣೆಬರಹದ ಮಾತಿಲ್ಲ. ಶ್ರಾವಣದ ತಿಂಗಳು ಬಿಡುವವನ ಪ್ರಯತ್ನವನ್ನು ಆ ಕಣ್ಣಿನಿಂದ ನೋಡಬೇಕು. ಒಂದು ತಿಂಗಳು ಬಿಟ್ಟದ್ದು ನಾಟಕವಲ್ಲ. ಲಿವರಿನಲ್ಲಿ ಬರೀ ಕೊಬ್ಬು ಕೂತ ಹಂತವಾದರೆ ಅದು ಕೆಲವೇ ವಾರಗಳಲ್ಲಿ ಕರಗತೊಡಗುತ್ತದೆ. ಹನ್ನೆರಡು ತಿಂಗಳಿಗೆ ಯಾಕೆ ಆಗುವುದಿಲ್ಲ ಎಂಬುದಕ್ಕೂ ಉತ್ತರವಿದೆ: ಶ್ರಾವಣದಲ್ಲಿ ಇಡೀ ಓಣಿ ಅವನ ಜೊತೆ ಬಿಟ್ಟಿರುತ್ತದೆ, ಆಮೇಲೆ ಅವನೊಬ್ಬನೇ ಬಿಡಬೇಕಾಗುತ್ತದೆ.

ಆದ್ದರಿಂದ ಓದುಗರಲ್ಲಿ ಒಂದೆರಡು ಮಾತು. ಮನೆಯಲ್ಲಿ ಅಪ್ಪನೋ, ಕಾಕನೋ, ಸೋದರಮಾವನೋ ಕುಡಿದು ಲಿವರ್ ಹೋಗಿ ತೀರಿಕೊಂಡಿದ್ದರೆ ಅದನ್ನು ಮುಚ್ಚಿಡಬೇಡಿ. ಮೀಸೆ ಚಿಗುರುವ ಮುನ್ನವೇ ಮಗನನ್ನು ಕೂಡಿಸಿಕೊಂಡು, ನಿನಗೆ ಉಳಿದವರಿಗಿಂತ ಅಪಾಯ ಹೆಚ್ಚು ಎಂದು ಹೇಳಿ. ಜಾತ್ರೆಯಲ್ಲಿ ಹುಡುಗರ ಕೈಗೆ ಮೊದಲ ಗ್ಲಾಸು ಕೊಡುವ ಹಿರಿಯರನ್ನು ತಡೆಯಿರಿ. ಹದಿನೈದರ ಒಳಗೆ ಶುರುವಿಟ್ಟವರು ವ್ಯಸನಿಗಳಾಗುವ ಸಂಭವ, ಇಪ್ಪತ್ತರ ನಂತರ ಶುರುವಿಟ್ಟವರಿಗಿಂತ ನಾಲ್ಕು ಪಟ್ಟು ಎಂದು ಅಮೆರಿಕದ ಒಂದು ದೊಡ್ಡ ಸಮೀಕ್ಷೆ 1997ರಲ್ಲೇ ತೋರಿಸಿದೆ. ಬೆಳಗ್ಗೆ ಎದ್ದೊಡನೆ ಕೈ ನಡುಗಿ ಗುಟುಕು ಬೇಕಾಗುವವರು ಮನೆಯಲ್ಲಿದ್ದರೆ, ಶ್ರಾವಣ ಹುಟ್ಟುವ ಒಂದು ವಾರ ಮೊದಲೇ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ, ಆಮೇಲೆ ಆಣೆ ಮಾಡಿಸಿ. ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.